ಸತ್ತ ತಂತಿಗೆ ಜೀವ ಕೊಟ್ಟ ಡಬ್ಬಿ

ಪವರ್ ಫ್ಯಾಕ್ಟರ್ ಅಂದರೇನು ಎಂದು ಕೇಳಿದರೆ ಈಗ ಕೆಲಸಕ್ಕೆ ಸೇರುವವರು ಒಂದೇ ಉಸಿರಿನಲ್ಲಿ ‘ಕಾಸ್ ಫೈ’ ಎಂದು ಸೂತ್ರ ಒಪ್ಪಿಸುತ್ತಾರೆ. ಇಂಟರ್‌ವ್ಯೂನಲ್ಲಿ ನಾನೂ ಹಾಗೇ ಅಂದಿದ್ದೆ. ಎದುರಿಗೆ ಕೂತಿದ್ದ ಮೂವರೂ ತಲೆಯಾಡಿಸಿದರು. ‘ಹಾಗಂದರೆ ಏನಮ್ಮ?’ ಎಂದು ಒಬ್ಬರು ಮರುಪ್ರಶ್ನೆ ಹಾಕಿದ್ದರೂ ನನ್ನ ಬಂಡವಾಳ ಅಲ್ಲೇ ಬಯಲಾಗುತ್ತಿತ್ತು. ಯಾರೂ ಕೇಳಲಿಲ್ಲ. ನಾನು ಕರೆಂಟು ಆಫೀಸಿನ ಎಂಜಿನಿಯರಾದೆ. ಚಾಮರಾಜನಗರ, ಗುಂಡ್ಲುಪೇಟೆ ಈ ಎರಡು ತಾಲ್ಲೂಕು ದಾಟದೆ ನಿವೃತ್ತಳೂ ಆದೆ. ಯಾವಾಗ ಯಾವ ಪ್ರಮೋಷನ್ ಬಂತು ಎನ್ನುವುದನ್ನು ನನ್ನ ತಂಗಿಯ ಮನೆಯವರಿಗೆ ಹೇಳಿ ಹೇಳಿ ಸಾಕಾಗಿದೆ, ಇಲ್ಲಿ ಬರೆಯುವುದಿಲ್ಲ. ನಾನು ಬೆಚ್ಚಿಬಿದ್ದ ಸಂಗತಿಗಳನ್ನಷ್ಟೇ ಬರೆಯುತ್ತೇನೆ. ಈ ಕೆಲಸದಲ್ಲಿ ಬೆಚ್ಚಿಬೀಳದವರು ಏನೂ ಕಲಿಯಲಿಲ್ಲ ಅಂತಲೇ ಅರ್ಥ.

ಮೊದಲನೆಯದು ಸಂತೆಮರಹಳ್ಳಿಯ ಒಂದು ರೈಸ್ ಮಿಲ್ಲಿನಲ್ಲಿ ಆಯಿತು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಮೀಟರ್ ಪರೀಕ್ಷೆ ಮಾಡುವ ಪುಟ್ಟಸ್ವಾಮಯ್ಯನವರ ಜೊತೆ ನನ್ನನ್ನು ಕಳಿಸಿದ್ದರು. ಅವರು ನಿವೃತ್ತಿಯ ಅಂಚಿನಲ್ಲಿದ್ದ ಮನುಷ್ಯ, ಓದಿದ್ದು ಕಡಿಮೆ. ನಾನು ಎಂಜಿನಿಯರಿಂಗ್ ಓದಿ ಬಂದವಳು, ಆ ಜಂಬ ಇತ್ತು. ತಂತಿಯನ್ನು ಇಕ್ಕಳದ ಹಾಗೆ ಕಚ್ಚಿ ಎಷ್ಟು ಕರೆಂಟು ಹರಿಯುತ್ತಿದೆ ಎಂದು ತೋರಿಸುವ ಟಾಂಗ್ ಟೆಸ್ಟರನ್ನು ನಾನೇ ಇಸಿದುಕೊಂಡು ಮೋಟಾರಿನ ತಂತಿಗೆ ಹಾಕಿದೆ. ಮುಳ್ಳು ಸರ್ರನೆ ಏರಿತು. ಮೀಟರ್ ನೋಡಿದರೆ ಅದರ ಚಕ್ರ ಬಸವನಹುಳು ತೆವಳಿದಂತೆ ತೆವಳುತ್ತಿದೆ! ಕರೆಂಟು ಇಷ್ಟು ಹೋಗುತ್ತಿದೆ, ಮೀಟರ್ ಮಾತ್ರ ಓಡುತ್ತಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

‘ಇದು ಕಳ್ಳತನ. ಮೀಟರಿಗೆ ಏನೋ ಮಾಡಿದ್ದೀರಿ’ ಎಂದು ಮಿಲ್ಲಿನ ಯಜಮಾನರ ಮುಖಕ್ಕೇ ಹೇಳಿಬಿಟ್ಟೆ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಆಗತಾನೇ ಪೂಜೆ ಮುಗಿಸಿ ಬಂದಿದ್ದರು ಅವರು.

‘ಏನವ್ವ, ಬೆಳ್‌ಬೆಳಿಗ್ಗೆ ಬಂದು ಕಳ್ಳ ಅಂತಿದ್ದೀಯಲ್ಲ? ನಮ್ಮಪ್ಪನ ಕಾಲದಿಂದ ನಡೀತಿರೋ ಮಿಲ್ಲು ಇದು’ ಎಂದರು. ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಪುಟ್ಟಸ್ವಾಮಯ್ಯ ಮಾತಾಡದೆ ಮೋಟಾರಿನ ಕಡೆ ಬೆರಳು ತೋರಿಸಿದರು. ಅದರ ಬೆಲ್ಟು ಕಳಚಿ ಪಕ್ಕಕ್ಕೆ ಬಿದ್ದಿತ್ತು. ಮೋಟಾರು ಬರಿದೇ ತಿರುಗುತ್ತಿತ್ತು, ಒಂದು ಕಾಳು ಭತ್ತವನ್ನೂ ಕುಟ್ಟುತ್ತಿರಲಿಲ್ಲ. ಬೆಲ್ಟು ಹಾಕಿಸಿ ಮತ್ತೆ ಚಾಲೂ ಮಾಡಿಸಿದರು. ಮೀಟರಿನ ಚಕ್ರ ಗಿರಗಿರ ತಿರುಗತೊಡಗಿತು. ಟಾಂಗ್ ಟೆಸ್ಟರಿನ ಮುಳ್ಳು ಮಾತ್ರ ಮೊದಲಿದ್ದ ಜಾಗದಿಂದ ಅಷ್ಟೇನೂ ಮೇಲೆ ಹೋಗಲಿಲ್ಲ.

‘ಕಳ್ಳ ಇರೋದು ಮಿಲ್ಲಲ್ಲಿ ಅಲ್ಲ ಕಣವ್ವ, ಮೋಟ್ರಲ್ಲಿ’ ಎಂದರು ಪುಟ್ಟಸ್ವಾಮಯ್ಯ. ಯಜಮಾನರು ನಕ್ಕು ಕಾಫಿ ತರಿಸಿದರು.

ಅಂದು ಸಂತೆಯ ದಿನ. ವಾಪಸ್ಸು ಬರುವ ಬಸ್ಸಿನಲ್ಲಿ ಒಂಟಿ ಕಾಲಿನಲ್ಲಿ ನಿಲ್ಲುವಷ್ಟು ಜನ. ಪುಟ್ಟಸ್ವಾಮಯ್ಯ ಕಂಬಿ ಹಿಡಿದುಕೊಂಡೇ ಪಾಠ ಶುರು ಮಾಡಿದರು. ‘ಈ ಬಸ್ಸಲ್ಲಿ ವ್ಯಾಪಾರ ಮಾಡಕ ಬಂದೋರು ಅರ್ಧ ಜನ. ಮಿಕ್ಕೋರು ಅವರ್ ಜೊತೆಗಂತ ಬಂದೋರು. ಏನೂ ತರನಿಲ್ಲ, ಏನೂ ಕೊಳ್ಳನಿಲ್ಲ, ಸುಮ್ನ ಓದ್ರು, ಸುಮ್ನ ಬಂದ್ರು. ಆದ್ರ ಅವರಿಲ್ದೆ ಇವರೂ ಬರಲ್ಲ. ಬಸ್ಸು ಮಾತ್ರ ತುಂಬೋಯ್ತದ.’

ಇದಕ್ಕಿಂತ ಚೆನ್ನಾಗಿ ಯಾವ ಪ್ರೊಫೆಸರೂ ನನಗೆ ಹೇಳಿರಲಿಲ್ಲ. ಮೋಟಾರು ತಿರುಗಬೇಕಾದರೆ ಅದರೊಳಗೆ ಮೊದಲು ಕಾಂತ ಹುಟ್ಟಬೇಕು. ಆ ಕಾಂತಕ್ಕೆ ಬೇಕಾದ ಕರೆಂಟು ಲೈನಿನಿಂದ ಬರುತ್ತದೆ, ಹಾಗೆಯೇ ವಾಪಸ್ಸು ಹೋಗುತ್ತದೆ. ಏನೂ ಕೆಲಸ ಮಾಡುವುದಿಲ್ಲ, ಆದರೆ ಅದಿಲ್ಲದೆ ಕೆಲಸ ಆಗುವುದಿಲ್ಲ. ಕೆಲಸ ಮಾಡುವ ಕರೆಂಟಿನ ಜೊತೆ ಅದೂ ಸೇರಿ ತಂತಿಯನ್ನು, ಟ್ರಾನ್ಸ್‌ಫಾರ್ಮರನ್ನು ತುಂಬಿಕೊಳ್ಳುತ್ತದೆ, ಕಾಯಿಸುತ್ತದೆ. ಒಟ್ಟು ಹೊರೆಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು ಎಷ್ಟು ಎಂಬುದೇ ಪವರ್ ಫ್ಯಾಕ್ಟರ್. ಕೆಪಾಸಿಟರ್ ಎಂಬ ಡಬ್ಬಿಯನ್ನು ಮೋಟಾರಿನ ಪಕ್ಕದಲ್ಲೇ ಕೂರಿಸಿದರೆ, ಸುಮ್ಮನೆ ಹೋಗಿಬರುವ ಆ ಕರೆಂಟನ್ನು ಅದು ಅಲ್ಲೇ ಕೊಟ್ಟು ಅಲ್ಲೇ ತೆಗೆದುಕೊಳ್ಳುತ್ತದೆ. ನಮ್ಮ ಕಡೆ ಅದಕ್ಕೆ ಕಂಡೆನ್ಸರ್ ಅನ್ನುತ್ತಾರೆ.

ಆ ಡಬ್ಬಿಯ ಜೊತೆ ನನ್ನ ಮೊದಲ ಪರಿಚಯವೂ ಅದೇ ಮಿಲ್ಲಿನಲ್ಲೇ, ಮುಂದಿನ ಸಲ ಹೋದಾಗ. ಮೇನ್ ಸ್ವಿಚ್ಚು ನಾನೇ ಕೈಯಾರೆ ಇಳಿಸಿದ್ದೆ. ಇನ್ನೇನು ಭಯ ಎಂದು ಕಂಡೆನ್ಸರಿನ ತುದಿ ಮುಟ್ಟಿದೆ. ಕಣ್ಣು ಬಿಟ್ಟಾಗ ಭತ್ತದ ಮೂಟೆಗಳ ಮೇಲಿದ್ದೆ. ಸ್ವಿಚ್ಚು ಇಳಿಸಿದ ಮೇಲೂ ಅದು ಕರೆಂಟನ್ನು ಒಳಗೆ ಬಚ್ಚಿಟ್ಟುಕೊಂಡು ಕೂತಿರುತ್ತದೆ, ಮೊದಲು ಅದನ್ನು ಖಾಲಿ ಮಾಡಬೇಕು ಎಂದು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಮುಟ್ಟುವಾಗ ಮಾತ್ರ ನೆನಪಾಗಲಿಲ್ಲ. ಪುಟ್ಟಸ್ವಾಮಯ್ಯ ನೀರು ಕುಡಿಸಿ, ಯಾರಿಗೂ ಹೇಳುವುದಿಲ್ಲ ಎಂದರು. ಮರುದಿನ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಮುಂದೆ ತೆರಕಣಾಂಬಿ ಕಡೆ ಸೆಕ್ಷನ್ ಆಫೀಸರ್ ಆಗಿ ಹೋದೆ. ಅಲ್ಲಿ ಎಲ್ಲ ಪಂಪ್‌ಸೆಟ್ಟುಗಳ ಕಾರುಬಾರು. ಲೈನಿನ ಕೊನೆಯ ಹಳ್ಳಿಗಳಲ್ಲಿ ಮೋಟಾರು ಗುಂಯ್‌ಗುಟ್ಟುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ಅರಿಸಿನ, ಸಣ್ಣ ಈರುಳ್ಳಿ ಹಾಕಿದವರು ದಿನಾ ಆಫೀಸಿಗೆ ಬಂದು ಕೂರುತ್ತಿದ್ದರು. ಅಷ್ಟರಲ್ಲಿ ಪಂಪ್‌ಸೆಟ್ಟುಗಳಿಗೆ ಕಂಡೆನ್ಸರ್ ಹಾಕಿಸಿ ಎಂದು ಮೇಲಿನಿಂದ ಆದೇಶ ಬಂತು, ಡಬ್ಬಿಗಳೂ ಬಂದವು. ಬೇರೆ ಸೆಕ್ಷನ್ನಿನವರು ಹಂಚಿ ಕೈತೊಳೆದುಕೊಂಡರು. ನಾನು ಹಾಗೆ ಮಾಡಲಿಲ್ಲ. ಜನಕ್ಕೆ ಅರ್ಥವಾಗಬೇಕು ಎಂದು ಹಟ ಹಿಡಿದು ಊರೂರು ತಿರುಗಿದೆ. ಅರಳಿಕಟ್ಟೆಯ ಮೇಲೆ, ಡೇರಿಯ ಮುಂದೆ ನಿಂತು ಅದೇ ಸಂತೆ ಬಸ್ಸಿನ ಕಥೆ ಹೇಳಿದೆ. ‘ಬಸ್ಸಿನಲ್ಲಿ ಬರಬೇಕಾದವರನ್ನು ಈ ಕಂಡೆನ್ಸರು ನಿಮ್ಮ ತೋಟದಲ್ಲೇ ಕೊಡುತ್ತದೆ. ಲೈನಿನಿಂದ ಬರುವುದು ಕಡಿಮೆಯಾದರೂ ನಿಮ್ಮ ಮೋಟಾರಿಗೆ ಕಡಿಮೆಯಾಗುವುದಿಲ್ಲ’ ಎಂದೆ. ಜನ ಚಪ್ಪಾಳೆ ತಟ್ಟಿದರು. ನನ್ನನ್ನು ‘ಕರೆಂಟಮ್ಮ’ ಎಂದು ಕರೆಯತೊಡಗಿದ್ದು ಆವಾಗಲೇ. ಆ ಹಂಗಾಮಿನಲ್ಲಿ ಟ್ರಾನ್ಸ್‌ಫಾರ್ಮರ್ ಸುಡುವುದು ಕಡಿಮೆಯಾಯಿತು, ಕೊನೆಯ ಹಳ್ಳಿಯ ಮೋಟಾರೂ ತಿರುಗಿತು. ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಆ ಸೆಕ್ಷನ್ನಿನಲ್ಲಿ ನನ್ನ ಬಲಗೈ ಎಂದರೆ ಲೈನ್‌ಮನ್ ಮಾದೇವ. ನನ್ನದೇ ವಯಸ್ಸು. ಕಂಬವನ್ನು ಬೆಕ್ಕಿನಂತೆ ಹತ್ತುವವನು, ನೆಲದ ಮೇಲೆ ಮಾತು ಕಮ್ಮಿ. ಕೇಳದೆ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ. ಕೇಳಿ ಮಾಡಿದ್ದಕ್ಕೇ ಅವನಿಗೆ ಆ ಗತಿ ಬಂತು, ಅದನ್ನೇ ಈಗ ಬರೆಯಬೇಕಾಗಿದೆ.

ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತು. ಒಂದು ಹಳ್ಳಿಯಲ್ಲಿ ಮದುವೆ ಮನೆ ಮುಂದಿನ ಕಂಬದಲ್ಲಿ ಜಂಪರ್ ಸುಟ್ಟುಹೋಗಿತ್ತು. ಕಂಬದ ಮೇಲೆ ಈ ಕಡೆಯ ತಂತಿಯನ್ನು ಆ ಕಡೆಯದಕ್ಕೆ ಸೇರಿಸುವ ತುಂಡೇ ಜಂಪರ್. ಕರೆಂಟು ತರುವ ಮೂರು ತಂತಿಗಳಲ್ಲಿ, ಅಂದರೆ ಮೂರು ಫೇಸುಗಳಲ್ಲಿ, ಒಂದರದ್ದು ಸುಟ್ಟಿತ್ತು. ಅಲ್ಲಿಂದಾಚೆಗೆ, ಊರಿನ ಅರ್ಧ ಮನೆಗಳಿಗೆ ಮತ್ತು ತೋಟಗಳಿಗೆ, ಆ ಒಂದು ಫೇಸ್ ಇರಲಿಲ್ಲ. ಮದುವೆ ಮನೆಗೆ ಬೇರೆ ಫೇಸು, ಅಲ್ಲಿ ಕರೆಂಟಿತ್ತು. ನಾನು ಆಫೀಸಿನಲ್ಲಿದ್ದೆ. ಹೆಣ್ಣಿನ ಅಪ್ಪ ಆಗಲೇ ನನಗೆ ಮೂರು ಸಲ ಫೋನ್ ಮಾಡಿದ್ದರು. ‘ಮೇಡಮ್ಮೋರೆ, ರುಬ್ಬೋ ಮಿಷಿನ್ ಓಡ್ತಾ ಅದ, ಬೀಗರು ಬಂದು ಕುಂತವ್ರೆ. ಐದು ನಿಮಿಷನೂ ಕರೆಂಟ್ ತಗೀಬೇಡಿ, ನಿಮ್ಮ ಕಾಲಿಗೆ ಬಿದ್ದೆ.’

ಆಮೇಲೆ ಮಾದೇವನ ಫೋನು ಬಂತು. ‘ಅಮ್ಮ, ಟಿಸಿ ತಾವ ಇವ್ನಿ. ಸ್ವಿಚ್ಚು ಎಳ್ದು ಮೂರೂ ಪ್ಯೂಸ್ ಕಿತ್ಬುಟ್ಟು ಕಂಬ ಅತ್ತಲಾ?’ ಟಿಸಿ ಎಂದರೆ ಊರಿನ ಟ್ರಾನ್ಸ್‌ಫಾರ್ಮರ್. ಅವನು ಕೇಳಿದ್ದೇ ಸರಿಯಾದ ಕ್ರಮ. ‘ಹೂಂ’ ಅಂದಿದ್ದರೆ ಮುಗಿಯುತ್ತಿತ್ತು.

‘ಮದುವೆ ಮನೆ ಕಣೋ. ಕೆಟ್ಟಿರೋ ಫೇಸಿನ ಫ್ಯೂಸ್ ಒಂದೇ ಕಿತ್ಕೋ. ಉಳಿದೆರಡು ಇರಲಿ. ಹುಷಾರಾಗಿ ಹತ್ತು’ ಎಂದೆ.

‘ಆಯ್ತು ಕಣಮ್ಮ’ ಎಂದ.

ಲೆಕ್ಕ ನೋಡಿ, ನನ್ನ ಲೆಕ್ಕ. ಫ್ಯೂಸ್ ಕಿತ್ತಾಯಿತು, ಜಂಪರ್ ಮೊದಲೇ ಸುಟ್ಟಿದೆ. ಆ ತಂತಿಯಲ್ಲಿ ಏನಿರಲು ಸಾಧ್ಯ? ಸತ್ತ ತಂತಿ. ಪಕ್ಕದ ಎರಡು ತಂತಿ ಮುಟ್ಟದಿದ್ದರೆ ಸಾಕು. ಮಾದೇವ ಪಕ್ಕದ ತಂತಿಗಳನ್ನು ಮುಟ್ಟಲೇ ಇಲ್ಲ. ಸತ್ತ ತಂತಿಯನ್ನು ಮುಟ್ಟಿದ. ಅದು ಅವನ ಬಲಗೈಯನ್ನು ಹಿಡಿದುಕೊಂಡಿತು.

ಚಪ್ಪರದಲ್ಲಿದ್ದವರು ಕಿರುಚಿಕೊಂಡರು. ಅಡುಗೆಯವನೊಬ್ಬ ಸೌಟು ಬಿಸಾಡಿ ಟಿಸಿಗೆ ಓಡಿ ಸ್ವಿಚ್ಚಿನ ಹಿಡಿ ಎಳೆದ. ಮಾದೇವ ಸೊಂಟದ ಹಗ್ಗದಲ್ಲಿ ನೇತಾಡುತ್ತಿದ್ದ. ನಾನು ಹೋಗುವಷ್ಟರಲ್ಲಿ ಬೀಗರ ಕಾರಿನಲ್ಲೇ ಅವನನ್ನು ಗುಂಡ್ಲುಪೇಟೆಗೆ ಸಾಗಿಸಿದ್ದರು, ಅಲ್ಲಿಂದ ಚಾಮರಾಜನಗರದ ಆಸ್ಪತ್ರೆಗೆ ಕಳಿಸಿದರು. ಕಂಬದ ಬುಡದಲ್ಲಿ ಅವನ ಒಂದು ಚಪ್ಪಲಿ ಇತ್ತು. ಸತ್ತ ತಂತಿ ಹೊಡೆಯಿತೆಂದರೆ ನಾನು ಕಲಿತದ್ದೆಲ್ಲ ಸುಳ್ಳೇ?

ಪಕ್ಕದ ಮನೆಯ ಅಜ್ಜಿಯೊಬ್ಬರು ನನ್ನ ಸೆರಗು ಜಗ್ಗಿದರು. ‘ಕರೆಂಟು ಓಗಿತ್ತು ಅಂತಾರಲ್ಲವ್ವ, ನಮ್ಮನೆ ಬಲ್ಬು ಮಿಣುಕ್ ಮಿಣುಕ್ ಅಂತಿತ್ತು ಕಣ.’ ಮೊದಲು ನಾನು ಕಿವಿಗೊಡಲಿಲ್ಲ, ಅಜ್ಜಿಗೆ ಕಣ್ಣು ಮಂಜು ಅಂದುಕೊಂಡೆ. ಜೀಪು ಹತ್ತುವಾಗ ಹೊಳೆಯಿತು. ಆ ಮನೆ ಸತ್ತ ಫೇಸಿನದು. ಬಲ್ಬು ಮಿಣುಕಿದ್ದರೆ ಕರೆಂಟು ಟಿಸಿಯಿಂದ ಬಂದಿಲ್ಲ, ಎದುರು ದಿಕ್ಕಿನಿಂದ ಬಂದಿದೆ!

ಜೀಪಿನಿಂದಿಳಿದು ಲೈನು ಹಿಡಿದುಕೊಂಡು ನಡೆದೆ. ಅದು ಕೊನೆಗೆ ಹೋಗಿ ಸೇರಿದ್ದು ನಂಜಪ್ಪ ಎಂಬ ರೈತರ ಪಂಪ್ ಮನೆಗೆ. ನನ್ನ ಬಸ್ಸಿನ ಕಥೆಗೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಅವರೇ. ಊರೊಳಗೆ ನಡೆದದ್ದು ಅವರಿಗೆ ಇನ್ನೂ ತಿಳಿದಿರಲಿಲ್ಲ, ಈರುಳ್ಳಿ ತಾಕಿಗೆ ನೀರು ಕಟ್ಟುತ್ತಿದ್ದರು. ಮೋಟಾರು ಆಗಲೇ ನಿಂತುಹೋಯಿತು, ತೊಟ್ಟಿಯ ನೀರು ಬಿಡುತ್ತಿದ್ದೇನೆ ಎಂದರು. ಒಳಗೆ ಕರೆದುಕೊಂಡು ಹೋಗಿ ಖುಷಿಯಿಂದ ತೋರಿಸಿದರು.

ಮೂರೂ ಫೇಸಿಗೆ ಸಮನಾಗಿ ಹಾಕಬೇಕಾದ ಕಂಡೆನ್ಸರುಗಳನ್ನು ಬಿಚ್ಚಿ, ಅಣ್ಣನ ತೋಟದ್ದನ್ನೂ ತಂದು, ಎಲ್ಲವನ್ನೂ ಒಂದು ಫೇಸಿಗೂ ಇನ್ನೊಂದಕ್ಕೂ ನಡುವೆ ಕಟ್ಟಿದ್ದರು.

‘ನೀವೇ ಯೋಳ್ಕೊಟ್ಟಿದ್ದು ಕಣ್ರವ್ವ. ಲೈನಲ್ಲಿ ಬರದೆ ಇರೋದ್ನ ಕಂಡೆನ್ಸರ್ ಇಲ್ಲೇ ಕೊಡ್ತದ ಅಂದ್ರಿ. ಅಂಗಾರ ಒಂದು ಪೇಸ್ ಬರದೆ ಓದ್ರೂ ಕೊಡ್ಬೇಕಲ್ಲ ಅಂತ ಮಾಡ್ಬುಟ್ಟೆ. ಎರಡೇ ಪೇಸಲ್ಲಿ ಮೋಟ್ರು ಓಡ್ತದ! ಸುತ್ತ ಇರೋರ್ಗೆಲ್ಲ ನಾನೇ ಕಟ್ಕೊಟ್ಟಿವ್ನಿ.’

ನಾನು ಅಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ತಪ್ಪು ತಿಳಿದುಕೊಂಡಿದ್ದರೂ ಅದು ಕೆಲಸ ಮಾಡುತ್ತಿತ್ತು, ಅದೇ ಅನಾಹುತ. ಎರಡು ಫೇಸಿನಲ್ಲಿ ಮೋಟಾರು ತಿರುಗತೊಡಗಿದರೆ ಅದು ಮೂರನೆಯ ತಂತಿಗೂ ಕರೆಂಟು ಹುಟ್ಟಿಸುತ್ತದೆ. ಆ ತಂತಿ ಲೈನಿಗೆ ಸೇರಿಕೊಂಡೇ ಇತ್ತು. ತೋಟದಿಂದ ಊರಿಗೆ, ಕಂಬದ ಮೇಲಿನ ಮಾದೇವನ ಕೈಗೆ ಹಿಂದುಮುಂದಾಗಿ ಹರಿಯಿತು. ಉಳಿದೆರಡು ಫೇಸು ಇಲ್ಲದಿದ್ದರೆ ಮೋಟಾರು ತಿರುಗುತ್ತಲೇ ಇರಲಿಲ್ಲ. ಆ ಎರಡನ್ನು ಬಿಡು ಎಂದವಳು ನಾನು.

ನಡೆದದ್ದನ್ನು ಹೇಳಿದೆ. ನಂಜಪ್ಪನವರ ಮುಖ ಬಿಳುಪೇರಿತು. ‘ಮಾದೇವಂಗಾ? ನಮ್ ಮಾದೇವಂಗಾ?’ ಎಂದು ಎರಡು ಸಲ ಕೇಳಿದರು. ಸಂಜೆಯೊಳಗೆ ಸುತ್ತಲ ತೋಟಗಳಲ್ಲಿ ತಾವೇ ಕಟ್ಟಿಕೊಟ್ಟದ್ದನ್ನೆಲ್ಲ ಬಿಚ್ಚಿ, ಡಬ್ಬಿಗಳನ್ನು ಗೋಣಿಚೀಲದಲ್ಲಿ ಹೊತ್ತು ತಂದು ನನ್ನ ಆಫೀಸಿನ ಜಗಲಿಯ ಮೇಲೆ ಇಟ್ಟು ಹೋದರು. ಒಳಗೆ ಬರಲಿಲ್ಲ.

ಮಾದೇವ ಬದುಕಿದ. ಬಲಗೈಯ ಮೂರು ಬೆರಳು ತೆಗೆದರು, ಉಳಿದೆರಡು ಮಡಚುತ್ತಿರಲಿಲ್ಲ.

ತನಿಖೆ ಶುರುವಾಯಿತು. ನಮ್ಮ ಮೇಲಿನ ಸಾಹೇಬರು ಕೆಟ್ಟವರಲ್ಲ, ಅಳೆದು ತೂಗಿ ಮಾತಾಡುವವರು. ವರದಿಯನ್ನು ಆಗಲೇ ಟೈಪ್ ಮಾಡಿಸಿದ್ದರು. ‘ನಿಯಮದಂತೆ ಮೂರೂ ಫ್ಯೂಸ್ ತೆಗೆಯದೆ ಸ್ವಂತ ಅಜಾಗರೂಕತೆಯಿಂದ ಕಂಬ ಹತ್ತಿದ್ದು’ ಎಂದಿತ್ತು. ಹಾಗೆ ಬರೆದರೆ ತಪ್ಪೆಲ್ಲ ಮಾದೇವನದು, ಅವನ ನೌಕರಿ ಉಳಿಯುವುದೂ ಕಷ್ಟ.

‘ಸರ್, ನಾನು ಫೋನಿನಲ್ಲಿ ಹೇಳಿದ್ದೆ’ ಎಂದೆ.

‘ಫೋನಿನಲ್ಲಿ ನೀವು ಏನು ಮಾತಾಡಿದಿರೋ ಯಾರಿಗಮ್ಮ ಗೊತ್ತು? ಅವನೇ ಹೇಳಿಕೆ ಕೊಟ್ಟಿದ್ದಾನೆ, ತಾನೇ ಹತ್ತಿದೆ ಅಂತ. ಸೈನ್ ಮಾಡಿ.’

ನಾನು ದಂಗಾದೆ. ಸೈನ್ ಮಾಡಲಿಲ್ಲ, ನಾಳೆ ಬರುತ್ತೇನೆ ಎಂದು ಎದ್ದು ಬಂದೆ. ನಾಳೆ ಮಾಡುವುದಿಲ್ಲ ಎಂದು ಆಗ ತೀರ್ಮಾನಿಸಿದ್ದೆ ಎಂದು ಹೇಳಲಾರೆ. ಸುಳ್ಳು ಯಾಕೆ ಬರೆಯಲಿ? ನನಗೆ ಹೆದರಿಕೆಯಾಗಿತ್ತು, ಕಾಗದ ನನ್ನ ಪರವಾಗಿತ್ತು.

ಆಸ್ಪತ್ರೆಗೆ ಹೋದೆ. ಮಾದೇವ ಕೈಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದ. ನನ್ನನ್ನು ಕಂಡು ಏಳಲು ಹೋದ. ‘ನೀವೇನೂ ಯೋಚ್ನ ಮಾಡ್ಬೇಡಿ ಕಣಮ್ಮ. ನಾನು ಯಾರ್ಗೂ ಯೋಳ್ನಿಲ್ಲ’ ಎಂದು ಪಿಸುಗುಟ್ಟಿದ. ನನಗೆ ಅಳು ಒತ್ತರಿಸಿ ಬಂತು, ಹೊರಗೆ ಬಂದೆ.

ಅವನ ಹೆಂಡತಿ ಸಾಕಮ್ಮ ಗಂಜಿ ಪಾತ್ರೆ ಹಿಡಿದುಕೊಂಡು ನನ್ನ ಹಿಂದೆಯೇ ವರಾಂಡಕ್ಕೆ ಬಂದಳು. ಅವಳು ಅಳುತ್ತಿರಲಿಲ್ಲ.

‘ನನ್ಗ ಯೋಳವ್ರೆ, ನಿಮ್ ಮಾತ ಕೇಳಿ ಕಂಬ ಅತ್ತಿದ್ದು ಅಂತ. ಅವರು ಬಾಯಿ ಬುಡಲ್ಲ, ಅದ್ಕ ನಾನೂ ಬುಡಲ್ಲ. ಆದ್ರ ಅವ್ವ, ನೀವು ಯೋಳ್ಬೇಕಲ್ವ?’

ಇಷ್ಟೇ ಹೇಳಿದ್ದು, ಒಳಗೆ ಹೋದಳು. ರೈಸ್ ಮಿಲ್ಲಿನ ಕಂಡೆನ್ಸರು ನನ್ನನ್ನು ಎತ್ತಿ ಎಸೆದಿತ್ತಲ್ಲ, ಅದು ಇದರ ಮುಂದೆ ಏನೂ ಅಲ್ಲ. ಮರುದಿನ ಸಾಹೇಬರ ಮೇಜಿನ ಮೇಲೆ ನನ್ನದೇ ಕೈಬರಹದ ಎರಡು ಪುಟ ಇಟ್ಟೆ. ಯಾರು ಕೇಳಿದರು, ಯಾರು ಹೇಳಿದರು, ಕಂಡೆನ್ಸರಿನ ಪಾಠ ಊರಲ್ಲಿ ಹೇಗೆ ತಿರುವು ಪಡೆಯಿತು, ಎಲ್ಲವನ್ನೂ ಬರೆದಿದ್ದೆ. ಅವರು ಓದಿ ಕನ್ನಡಕ ತೆಗೆದು, ‘ಬರೆಯಬಾರದಾಗಿತ್ತು’ ಎಂದರು. ಆದರೆ ಹರಿಯಲಿಲ್ಲ, ಮೇಲಕ್ಕೆ ಕಳಿಸಿದರು. ನನಗೆ ಆದ ಶಿಕ್ಷೆ ಚಿಕ್ಕದು. ಮಾದೇವನ ನೌಕರಿ ಉಳಿಯಿತು. ಕಂಬ ಹತ್ತುವ ಹಾಗಿರಲಿಲ್ಲ, ಗುಂಡ್ಲುಪೇಟೆ ಆಫೀಸಿನಲ್ಲಿ ದೂರು ಬರುವ ಫೋನಿನ ಮುಂದೆ ಕೂರಿಸಿದರು. ಎಡಗೈಯಲ್ಲಿ ಬರೆಯಲು ಕಲಿತ.

ಆಮೇಲೆ ಎಷ್ಟೋ ಬದಲಾಯಿತು. ಕಂಡೆನ್ಸರುಗಳನ್ನು ಪಂಪ್ ಮನೆಗೆ ಕೊಡುವ ಬದಲು ಟಿಸಿ ಹತ್ತಿರವೇ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಕೂರಿಸಿದೆವು. ಈಗಿನ ಮೀಟರಿನಲ್ಲಿ ಗುಂಡಿ ಒತ್ತಿದರೆ ಪವರ್ ಫ್ಯಾಕ್ಟರ್ ಕಾಣುತ್ತದೆ, ಯಾರನ್ನೂ ಕಳ್ಳ ಅನ್ನಬೇಕಾಗಿಲ್ಲ. ಪಾಠ ಮಾಡುವಾಗ ನಾನೂ ಒಂದು ಮಾತು ಸೇರಿಸಿಕೊಂಡೆ. ಹೇಳಿ ಮುಗಿಸಿದ ಮೇಲೆ, ‘ನಿಮಗೆ ಏನು ಅರ್ಥವಾಯಿತು, ಈಗ ನನಗೆ ಹೇಳಿ’ ಎಂದು ಕೇಳುತ್ತಿದ್ದೆ. ತಲೆಯಾಡಿಸಿದ್ದನ್ನು ನಂಬುತ್ತಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬುದ್ಧಿ ಕಲಿತೆ ಎಂದು ನೀವು ನಂಬಿಬಿಡುತ್ತೀರಿ. ಅದಕ್ಕೇ ಇನ್ನೊಂದನ್ನು ಬರೆಯಲೇಬೇಕು.

ನನ್ನ ನೌಕರಿಯ ಕೊನೆಯ ವರ್ಷ, ನಾನೂ ಗುಂಡ್ಲುಪೇಟೆಯಲ್ಲಿದ್ದೆ. ಊರಿಗೆ ದೊಡ್ಡ ಸಾಹೇಬರೊಬ್ಬರು ಬಂದು ಮೀಟಿಂಗ್ ಕರೆದಿದ್ದರು. ಪರದೆಯ ಮೇಲೆ ಅದೇನೋ ತೋರಿಸುತ್ತಿದ್ದರಂತೆ. ಅದೇ ಬೀದಿಯ ಕಂಬದಲ್ಲಿ ಒಂದು ಫೇಸಿನ ಜಂಪರ್ ಹೋಯಿತು. ನಾನು ಜೀಪಿನಲ್ಲಿ ಬೇರೆ ಕಡೆ ಹೊರಟಿದ್ದೆ. ಕರೆಂಟು ಹೋಗಬಾರದು, ಕರೆಂಟು ಹೋಗಬಾರದು ಎಂದು ಮೇಲಿನಿಂದ ಫೋನಿನ ಮೇಲೆ ಫೋನು. ನಾನು ಆಫೀಸಿಗೆ ಫೋನ್ ಹಚ್ಚಿದೆ.

‘ಮಾದೇವ, ಲೈನ್‌ಮನ್‌ಗೆ ಹೇಳು, ಆ ಒಂದು ಫ್ಯೂಸ್ ಕಿತ್ಕೊಂಡು ಹತ್ತಲಿ. ಉಳಿದೆರಡು ಇರಲಿ, ಮೀಟಿಂಗ್ ನಡೀತಾ ಇದೆ.’

‘ಏನಂದ್ರಿ ಅಮ್ಮ?’ ಎಂದು ಕೇಳಿದ.

ನಾನು ರೇಗಿಕೊಂಡು ಅದನ್ನೇ ಇನ್ನೊಂದು ಸಲ ಹೇಳಿದೆ. ಪೂರ್ತಿ ಹೇಳಿ ಮುಗಿಸಿದೆ. ಆಮೇಲೆ ನನ್ನ ಮಾತು ನನ್ನ ಕಿವಿಗೆ ಬಿತ್ತು. ಹೇಳುತ್ತಿದ್ದುದು ಯಾರಿಗೆ? ಮಾದೇವನಿಗೆ!

‘ಮೂರೂ ಕಿತ್ಸಿ ಆಯ್ತು ಕಣಮ್ಮ’ ಎಂದ ಅವನು. ಧ್ವನಿಯಲ್ಲಿ ಕೋಪವಿರಲಿಲ್ಲ. ‘ನೀವು ಪೋನ್ ಮಾಡಕ ಮುಂಚೇನೆ ಸ್ವಿಚ್ಚು ಎಳುಸ್ಬುಟ್ಟೆ. ಮೀಟಿಂಗು ನಿಂತೋಗದ. ನೀವು ಬೈತೀರಿ ಅಂತ ಗೊತ್ತು. ಅಂವ ಕಂಬದ ಮ್ಯಾಲ ಅವ್ನ. ಇಳ್ದೆ ಅಂತ ನನ್ ಮೊಬೈಲ್‌ಗ ಪೋನ್ ಬರ್ಲಿ, ಆಮೇಲ ಬೈರಿ.’

ನಾನು ಜೀಪು ನಿಲ್ಲಿಸಿ, ಫೋನು ಕಿವಿಯಿಂದ ತೆಗೆಯದೆ, ಕಂಬದ ಮೇಲಿದ್ದವನು ಇಳಿಯುವವರೆಗೂ ಕಾದೆ.